ಔಷಧಿ ಚೀಟಿ ಬರೆಯುವ ಹಕ್ಕು ಯಾರಿಗೆ?

ಹಣ ಪಡೆಯುವವರೇ ಲೆಕ್ಕವನ್ನೂ ಬರೆಯಬಾರದು ಎಂದು ನಾವು ಕಾಮರ್ಸ್‌ನಲ್ಲಿ ಓದುತ್ತೇವೆ. ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳಬೇಕು. ಆಸ್ಪತ್ರೆಯಲ್ಲೂ ಹೀಗೆಯೇ. ವೈದ್ಯರು ಔಷಧಿ ಬರೆಯುತ್ತಾರೆ, ಫಾರ್ಮಾಸಿಸ್ಟ್ ಕೊಡುತ್ತಾರೆ, ನರ್ಸ್ ರೋಗಿಗೆ ಕೊಡುತ್ತಾರೆ. ಮೂವರಲ್ಲಿ ಯಾರಾದರೂ ತಪ್ಪನ್ನು ಹಿಡಿಯಬಹುದು.

ನಮ್ಮ ಮನೆಗಳಲ್ಲಿ 'ನುಸ್ಖಾ' ಎನ್ನುವ ಈ ಚೀಟಿಗೆ ಕಾನೂನಿನ ಬಲವಿದೆ. 1945ರ ಔಷಧ ನಿಯಮಗಳ ಶೆಡ್ಯೂಲ್ ಎಚ್‌ನಲ್ಲಿರುವ ಔಷಧಿಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಜಾರಿಗೆ ಬಂತು. ಕೆಲವು ಪ್ರಬಲ ಆಂಟಿಬಯೋಟಿಕ್‌ಗಳು ಇದರಲ್ಲಿವೆ. ಇವನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ ಮತ್ತು ಪ್ರಮಾಣವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಬೇಕಾಬಿಟ್ಟಿ ನುಂಗಿದರೆ ರೋಗಾಣುಗಳು ಆಂಟಿಬಯೋಟಿಕ್‌ಗೆ ಬಗ್ಗದಂತಾಗುತ್ತವೆ. ಆಮೇಲೆ ನಿಜವಾಗಿ ಬೇಕಾದಾಗ ಔಷಧಿ ಕೆಲಸ ಮಾಡುವುದಿಲ್ಲ.

ನರ್ಸಿಂಗ್‌ನಲ್ಲಿ ಜಿಎನ್ಎಂ 3 ವರ್ಷ, ಬಿಎಸ್ಸಿ 4 ವರ್ಷ. ಔಷಧಶಾಸ್ತ್ರವನ್ನೂ ಕಲಿಸುತ್ತಾರೆ. ಸರಿಯಾದ ರೋಗಿ, ಔಷಧಿ, ಪ್ರಮಾಣ, ಮಾರ್ಗ, ಸಮಯ ಎಂಬ ಐದನ್ನು ನೋಡಿಯೇ ಔಷಧಿ ಕೊಡಬೇಕು. ಪ್ರಮಾಣ ಹೆಚ್ಚೆನಿಸಿದರೆ ವೈದ್ಯರನ್ನು ಕೇಳುವುದು ನರ್ಸ್‌ನ ಕರ್ತವ್ಯ.

ಹಾಗಾದರೆ ನರ್ಸ್‌ಗಳೇ ಚೀಟಿ ಬರೆಯಬಹುದೇ? ಬ್ರಿಟನ್‌ನಲ್ಲಿ 1992ರ ಕಾಯ್ದೆ ಇದಕ್ಕೆ ದಾರಿ ಮಾಡಿತು. ಮೊದಲು ಸಣ್ಣ ಪಟ್ಟಿಯ ಔಷಧಿಗಳು ಮಾತ್ರ; 2006ರಲ್ಲಿ ಹಕ್ಕು ಬಹಳ ವಿಸ್ತರಿಸಿತು. ಆದರೆ ಎಲ್ಲ ನರ್ಸ್‌ಗಳಿಗೂ ಅಲ್ಲ. ಹೆಚ್ಚುವರಿ ತರಬೇತಿ ಮುಗಿಸಿ, ಅದನ್ನು ನೋಂದಣಿಯಲ್ಲಿ ದಾಖಲಿಸಿದವರಿಗೆ ಮಾತ್ರ.

ನಮ್ಮಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ 'ಸಮುದಾಯ ಆರೋಗ್ಯ ಸೇವೆ ನೀಡುವವರಿಗೆ' ಸೀಮಿತ ಪರವಾನಗಿ ಕೊಡಲು ಅವಕಾಶ ಮಾಡಿದೆ. ಅವರು ಪ್ರಾಥಮಿಕ ಮತ್ತು ರೋಗ ತಡೆಯುವ ಸೇವೆಯಲ್ಲಿ ಮಾತ್ರ, ಗೊತ್ತುಪಡಿಸಿದ ಔಷಧಿಗಳನ್ನು ಸ್ವತಂತ್ರವಾಗಿ ಬರೆಯಬಹುದು. ಉಳಿದ ಕಡೆ ವೈದ್ಯರ ಮೇಲ್ವಿಚಾರಣೆ ಬೇಕು.

ವೈದ್ಯರಿಲ್ಲದ ಹಳ್ಳಿಯಲ್ಲಿ ರಾತ್ರಿ ಜ್ವರ ಏರಿದರೆ ಜನ ಹೋಗುವುದು ಸಿಸ್ಟರ್ ಬಳಿಗೇ. ಅಲ್ಲಿ ಅವರಿಗೆ ಜವಾಬ್ದಾರಿ ಇದೆ, ಅಧಿಕಾರ ಇಲ್ಲ. ತರಬೇತಿ, ಔಷಧಿಗಳ ಪಟ್ಟಿ, ದಾಖಲೆ ಈ ಮೂರೂ ಇದ್ದರೆ ಅಧಿಕಾರ ಕೊಡುವುದು ನ್ಯಾಯ ಎಂದು ನನಗನ್ನಿಸುತ್ತದೆ. ಒಂದು ಇಲ್ಲದಿದ್ದರೂ ಅದು ರೋಗಿಗೆ ಅಪಾಯ.

ಇನ್ನೊಂದು ಮಾತು. ಜಿಎನ್ಎಂಗೆ ಕಾಮರ್ಸ್ ಓದಿದವರೂ ಅರ್ಜಿ ಹಾಕಬಹುದು. ಬಿಎಸ್ಸಿ ನರ್ಸಿಂಗ್‌ಗೆ ವಿಜ್ಞಾನ ವಿಷಯಗಳು ಬೇಕು. ನಿಮ್ಮ ಬೀದಿಯ ಸಿಸ್ಟರ್ "ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡಲ್ಲ" ಎಂದರೆ ಕೋಪಿಸಿಕೊಳ್ಳಬೇಡಿ. ಅವರು ಕಾಯುತ್ತಿರುವುದು ನಿಮ್ಮ ಆರೋಗ್ಯವನ್ನೇ.