ಮರೆಮಾಚುವ ವಿನ್ಯಾಸ: ಬಣ್ಣದಾಚೆಯ ಪಾಠ

ಕಾಡಿಗೆ ಹಸಿರು, ಮರುಭೂಮಿಗೆ ಮರಳಿನ ಬಣ್ಣ, ಹಿಮಕ್ಕೆ ಬಿಳಿ. ಸೈನಿಕರ ಉಡುಪಿನ ಕುರಿತು ತರಗತಿಯಲ್ಲಿ ಇಷ್ಟನ್ನೇ ಹೇಳಿ ಮುಗಿಸುವುದುಂಟು. ಇದು ತಪ್ಪಲ್ಲವಾದರೂ ಅರ್ಧ ಪಾಠ. ಹಸಿರು ಬೇಲಿಯ ಮುಂದೆ ಅಚ್ಚ ಹಸಿರು ಅಂಗಿ ತೊಟ್ಟು ನಿಂತವನು ಸುಲಭವಾಗಿ ಕಾಣುತ್ತಾನೆ. ಏಕೆಂದರೆ ಕಣ್ಣು ಬಣ್ಣವನ್ನಷ್ಟೇ ಅಲ್ಲದೆ ತಲೆ, ಭುಜ, ತೋಳುಗಳ ಹೊರರೇಖೆಯನ್ನೂ ಗುರುತಿಸುತ್ತದೆ. ಆ ರೇಖೆಯನ್ನು ಒಡೆಯುವುದೇ ವಿನ್ಯಾಸದ ಮುಖ್ಯ ಕೆಲಸ. ಮಚ್ಚೆಗಳು ಅಂಚಿನವರೆಗೂ ಹರಡಿದಾಗ ಗಾಢ ಭಾಗವು ನೆರಳಿನೊಡನೆಯೂ ತಿಳಿ ಭಾಗವು ಬಿಸಿಲು ಬಿದ್ದ ಎಲೆಗಳೊಡನೆಯೂ ಬೆರೆಯುತ್ತದೆ, ಮನುಷ್ಯಾಕೃತಿ ಚೂರುಚೂರಾಗುತ್ತದೆ. ಚಿರತೆಯ ಮೈಮೇಲಿನ ಚುಕ್ಕೆಗಳ ಉಪಯೋಗವೂ ಇದೇ.

ಮಚ್ಚೆಯ ಗಾತ್ರವೂ ಗಣನೀಯ. ಅಮೆರಿಕದ ಭೂಸೇನೆಯು 2004ರಲ್ಲಿ ಕಾಡು, ಮರುಭೂಮಿ, ನಗರ ಈ ಮೂರಕ್ಕೂ ಒಂದೇ ಉಡುಪು ಸಾಕೆಂದು ಬೂದು, ತಿಳಿಹಸಿರು, ಮರಳುಬಣ್ಣಗಳ ಸಣ್ಣ ಚೌಕಗಳ ವಿನ್ಯಾಸವೊಂದನ್ನು ಪ್ರಕಟಿಸಿತು. ಹತ್ತಿರದಿಂದ ಚೌಕಗಳು ಸ್ಪಷ್ಟವಾಗಿದ್ದವು. ದೂರ ಸರಿದಂತೆ ಅವು ಒಂದರಲ್ಲೊಂದು ಕಲೆತು, ಇಡೀ ಸೈನಿಕನೇ ಒಂದು ತಿಳಿಬೂದು ಮುದ್ದೆಯಾಗಿ ಕಾಣತೊಡಗಿದನು. ಅಫ್ಘಾನಿಸ್ತಾನದ ಕಂದು ಬೆಟ್ಟಗಳಲ್ಲಿಯೂ ಕಣಿವೆಯ ಹಸಿರು ತೋಟಗಳಲ್ಲಿಯೂ ಅದು ಹೊಂದಲಿಲ್ಲ. ಎಲ್ಲೆಡೆಗೂ ಸಲ್ಲಬೇಕೆಂದು ಮಾಡಿದ್ದು ಎಲ್ಲಿಯೂ ಸಲ್ಲದಾಯಿತು. ಈ ತಪ್ಪಿಗೆ ಬೆಲೆ ತೆರಬೇಕಾದವನು ಅದನ್ನು ತೊಟ್ಟು ಗುಂಡಿನೆದುರು ನಿಲ್ಲುವವನು. ಸೈನಿಕರ ದೂರುಗಳ ನಂತರ 2010ರಲ್ಲಿ ಅಲ್ಲಿಗೆ ತೆರಳುವವರಿಗೆ, ಕಂದು-ಹಸಿರುಗಳ ದೊಡ್ಡ ಮಚ್ಚೆಗಳುಳ್ಳ ‘ಮಲ್ಟಿಕ್ಯಾಮ್’ ಉಡುಪನ್ನು ಕೊಡಲಾಯಿತು.

ಉಡುಪಿನ ಮೇಲೆ ಧರಿಸುವ ಸಲಕರಣೆಗಳನ್ನು ಮರೆಯುವುದು ಇನ್ನೊಂದು ತಪ್ಪು. 2003ರ ಇರಾಕ್ ಯುದ್ಧದಲ್ಲಿ ಅಮೆರಿಕದ ಅನೇಕ ಸೈನಿಕರು ಮರಳುಬಣ್ಣದ ಉಡುಪಿನ ಮೇಲೆ ಕಾಡಿನ ಹಸಿರು ವಿನ್ಯಾಸದ ರಕ್ಷಾಕವಚ ಧರಿಸಿದ್ದರು. ಮರಳಿನ ಹಿನ್ನೆಲೆಯಲ್ಲಿ ಎದೆಯ ಭಾಗವೇ ಕಪ್ಪಾಗಿ ಎದ್ದು ಕಾಣುವಂತಹ ವ್ಯವಸ್ಥೆ ಅದು!

ಇದನ್ನು ಶಾಲೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದು. ರಟ್ಟಿನಲ್ಲಿ ಒಂದೇ ಅಳತೆಯ ಮೂರು ಮನುಷ್ಯಾಕೃತಿಗಳನ್ನು ಕತ್ತರಿಸಿ, ಒಂದಕ್ಕೆ ಬರಿಯ ಹಸಿರನ್ನೂ ಎರಡನೆಯದಕ್ಕೆ ಹಸಿರು, ಕಂದು, ಕಪ್ಪುಗಳ ಸಣ್ಣ ಚುಕ್ಕೆಗಳನ್ನೂ ಮೂರನೆಯದಕ್ಕೆ ಅವೇ ಬಣ್ಣಗಳ, ಅಂಚು ಮುಟ್ಟುವ ದೊಡ್ಡ ಮಚ್ಚೆಗಳನ್ನೂ ಬಳಿಯಿಸಬೇಕು. ಬೇಲಿಯಲ್ಲಿ ಸಿಕ್ಕಿಸಿ, ಐದು ಹೆಜ್ಜೆ ಮತ್ತು ಮೂವತ್ತು ಹೆಜ್ಜೆ ದೂರದಿಂದ ಯಾವುದು ಮೊದಲು ಕಂಡಿತೆಂದು ಮಕ್ಕಳಿಂದ ಬರೆಯಿಸಬೇಕು. ಉತ್ತರವನ್ನು ಶಿಕ್ಷಕರು ಮೊದಲೇ ಹೇಳಬಾರದು. ಬಳಿಕ ಅವೇ ಆಕೃತಿಗಳನ್ನು ಕಾಸರಗೋಡಿನವರು ಮುರಕಲ್ಲಿನ ಗೋಡೆಗೂ ಸೊಲ್ಲಾಪುರದವರು ಎರೆಹೊಲದ ಬದುವಿಗೂ ಒಯ್ಯಲಿ. ಅಲ್ಲಿಗೆ ಬೇಕಾದ ಬಣ್ಣಗಳಾವುವು, ಮಳೆಗಾಲದ ವಿನ್ಯಾಸ ಬೇಸಿಗೆಗೂ ಸಲ್ಲುವುದೇ ಎಂಬುದನ್ನು ಮಕ್ಕಳೇ ನೋಡಿ ನಿರ್ಧರಿಸಲಿ.