ಬಹುದಿನದ ಆಸೆಯ ಕೈಗಡಿಯಾರ: ಸ್ವಾಭಿಮಾನವೋ, ತಣ್ಹಾವೋ?

*ದಿನದ ಧಮ್ಮ ಚಿಂತನೆ*





ನಮ್ಮಲ್ಲಿ ಅನೇಕರು ಇಂದು ಶಿಕ್ಷಕರು, ಬ್ಯಾಂಕ್ ನೌಕರರು, ಇಂಜಿನಿಯರುಗಳು, ಅಧಿಕಾರಿಗಳು. ಮನೆಯಲ್ಲಿ ಎರಡು ಮೂರು ವಾಚುಗಳು ಆಗಲೇ ಇರುತ್ತವೆ. ಆದರೂ ಕೆಲವರ ಮನಸ್ಸಿನಲ್ಲಿ ಎಷ್ಟೋ ವರ್ಷಗಳಿಂದ ಒಂದು ಒಮೆಗಾ ಅಥವಾ ರೋಲೆಕ್ಸ್ ಕುಳಿತಿರುತ್ತದೆ. ಕೊನೆಗೆ ಅದನ್ನು ಕೊಂಡಾಗ ಎರಡು ಮಾತು ಕೇಳಿಬರುತ್ತವೆ. ಹೊರಗಿನವರು "ಇವರಿಗೆ ಇಂಥ ವಾಚು ಎಲ್ಲಿಂದ ಬಂತು?" ಎನ್ನುತ್ತಾರೆ. ನಮ್ಮವರೇ ಕೆಲವರು "ಬೌದ್ಧರಾಗಿ ಇದೆಲ್ಲ ಯಾಕೆ? ಆಸೆಯೇ ದುಃಖಕ್ಕೆ ಮೂಲವಲ್ಲವೇ?" ಎನ್ನುತ್ತಾರೆ. ಎರಡಕ್ಕೂ ನಮ್ಮಲ್ಲಿ ಉತ್ತರ ಇರಬೇಕು.

*1. ಹೊರಗಿನವರ ಮಾತಿಗೆ*

ಒಳ್ಳೆಯ ಉಡುಗೆ, ಒಡವೆ ನಮಗೆ ಬರೀ ಷೋಕಿಯ ವಿಷಯವಾಗಿರಲಿಲ್ಲ. ಇಂದೋರ್ ಸೀಮೆಯ ಹಳ್ಳಿಗಳಲ್ಲಿ ಬಲಾಯಿ ಜನರ ಮೇಲೆ ಸವರ್ಣೀಯರು ಹೇರಿದ ಕಟ್ಟಳೆಗಳ ಬಗ್ಗೆ 1928ರ ಪತ್ರಿಕೆಯಲ್ಲಿ ವರದಿಯಾಗಿತ್ತು. ಗಂಡಸರು ಬಣ್ಣದ ಅಂಚಿನ ಧೋತಿ ಉಡಬಾರದು, ಹೆಂಗಸರು ಚಿನ್ನ ಬೆಳ್ಳಿಯ ಒಡವೆ ತೊಡಬಾರದು ಎಂಬುದೂ ಅವುಗಳಲ್ಲಿತ್ತು. ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಇದನ್ನು ದಾಖಲಿಸಿದ್ದಾರೆ. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಸೇರಿದ್ದ ತಾಯಂದಿರಿಗೆ ಅವರು, ಅಸ್ಪೃಶ್ಯರೆಂದು ಗುರುತಿಸುವಂತಹ ಉಡುಗೆ ತೊಡುಗೆ ಬಿಡಿ, ಶುಚಿಯಾಗಿ, ಚೆನ್ನಾಗಿ ಸೀರೆ ಉಡಿ ಎಂದು ಹೇಳಿದರು. ತಾವೂ ಸೂಟು ಧರಿಸಿಯೇ ಓಡಾಡಿದರು.

ಆದ್ದರಿಂದ ನ್ಯಾಯವಾಗಿ ದುಡಿದವರ ಕೈಯಲ್ಲಿ ಒಳ್ಳೆಯ ವಾಚು ಇದ್ದರೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

*2. ನಮ್ಮವರ ಮಾತಿಗೆ*

ಬುದ್ಧರು ಬಡತನವನ್ನು ಭಾಗ್ಯವೆಂದು ಹೊಗಳಲಿಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಗೃಹಸ್ಥನಾದ ಅನಾಥಪಿಂಡಿಕನಿಗೆ ಬುದ್ಧರು ನಾಲ್ಕು ಸುಖಗಳನ್ನು ವಿವರಿಸಿದರು.

▪️ ಅತ್ಥಿ ಸುಖ: ಶ್ರಮದಿಂದ, ಸರಿಯಾದ ದಾರಿಯಲ್ಲಿ ಗಳಿಸಿದ್ದು ಇದೆ ಎಂಬ ಸುಖ.
▪️ ಭೋಗ ಸುಖ: ಅದನ್ನು ಅನುಭವಿಸುವ ಮತ್ತು ಒಳ್ಳೆಯ ಕೆಲಸಕ್ಕೆ ಬಳಸುವ ಸುಖ.
▪️ ಅನಣ ಸುಖ: ಯಾರಿಗೂ ಸಾಲ ಇಲ್ಲ ಎಂಬ ಸುಖ.
▪️ ಅನವಜ್ಜ ಸುಖ: ನಡೆ, ನುಡಿ, ಮನಸ್ಸಿನಲ್ಲಿ ದೋಷವಿಲ್ಲ ಎಂಬ ಸುಖ.

ಮೊದಲ ಮೂರೂ ಸೇರಿದರೂ ಕೊನೆಯದರ ಹದಿನಾರನೇ ಒಂದು ಪಾಲಿಗೆ ಸಮವಲ್ಲ ಎಂದರು. ವಾಚನ್ನು ಈ ನಾಲ್ಕರಲ್ಲೂ ಇಟ್ಟು ನೋಡೋಣ. ಕಂಟ್ರಾಕ್ಟರ್ "ಪ್ರೀತಿಯಿಂದ" ಕೊಟ್ಟ ವಾಚು ನಾಲ್ಕನೆಯದರಲ್ಲಿ ಬಿದ್ದುಹೋಗುತ್ತದೆ. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ತಂದ ವಾಚು ಮೂರನೆಯದರಲ್ಲಿ ಬಿದ್ದುಹೋಗುತ್ತದೆ.

ಎರಡನೆಯದನ್ನು ವಾಚೇ ಕಲಿಸುತ್ತದೆ. ಆಟೊಮ್ಯಾಟಿಕ್ ವಾಚಿನಲ್ಲಿ ಬ್ಯಾಟರಿ ಇಲ್ಲ. ಕೈ ಆಡಿದಂತೆ ಒಳಗಿನ ರೋಟರ್ ತಿರುಗಿ ಸ್ಪ್ರಿಂಗನ್ನು ಬಿಗಿಯುತ್ತದೆ. ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ನಿಲ್ಲುತ್ತದೆ. ಬೀರುವಿನಲ್ಲಿ ನಿಂತುಹೋದ ಹತ್ತು ವಾಚು ಇದ್ದರೆ ಅದು ಭೋಗವಲ್ಲ, ಬರೀ ಕೂಡಿಡುವುದು. ಕೈಗೆ ಕಟ್ಟುವುದು ಒಂದನ್ನೇ ಅಲ್ಲವೇ?

*3. ಲೆಕ್ಕ*

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳುತ್ತಾರೆ: ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ ಹೂಡಲು, ಒಂದು ಪಾಲು ಕಷ್ಟಕಾಲಕ್ಕೆ. ಬಾಬಾಸಾಹೇಬರು 1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ, ಪ್ರತಿಯೊಬ್ಬರೂ ಆದಾಯದ ಇಪ್ಪತ್ತನೇ ಒಂದು ಭಾಗವನ್ನು ಧಮ್ಮ ಕಾರ್ಯಕ್ಕೆ ಕೊಡಬೇಕೆಂದು ಕೇಳಿದರು.

80,000 ರೂಪಾಯಿ ಸಂಬಳವಿದ್ದರೆ ಧಮ್ಮಕ್ಕೆ 4,000. ಅನುಭವಿಸುವ ಪಾಲು 20,000. ಮನೆಯ ಊಟ ಬಟ್ಟೆಯೂ ಅದರಲ್ಲೇ ಆಗಬೇಕು. ಅದರಲ್ಲಿ ತಿಂಗಳಿಗೆ 5,000 ಉಳಿಸಿದರೆ 3 ಲಕ್ಷದ ವಾಚಿಗೆ 60 ತಿಂಗಳು, ಅಂದರೆ ಐದು ವರ್ಷ ಬೇಕು. ಐದು ವರ್ಷ ಕಾದ ಮೇಲೂ ಉಳಿದಿರುವ ಇಷ್ಟ ಒಂದು ಬಗೆ. ಐದು ದಿನ ಕಾಯಲಾಗದ ಚಡಪಡಿಕೆ ಇನ್ನೊಂದು ಬಗೆ. ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ, ಆ 4,000, ಇವುಗಳಲ್ಲಿ ಯಾವುದಕ್ಕೂ ಕೈ ಹಾಕದೆ ಬಂದ ವಾಚಿಗೆ ತಲೆ ತಗ್ಗಿಸಬೇಕಾಗಿಲ್ಲ.

*4. ತಣ್ಹಾ ಎಲ್ಲಿದೆ?*

ವೇದನೆಯಿಂದ ತಣ್ಹಾ, ತಣ್ಹಾದಿಂದ ಉಪಾದಾನ ಎಂದು ಬುದ್ಧರು ಕೊಂಡಿ ಬಿಡಿಸಿ ತೋರಿಸಿದರು. ನೋಡಿ ಹಿತವಾಯಿತು, ಅದು ವೇದನೆ. ಬೇಕೇ ಬೇಕೆನಿಸಿತು, ಅದು ತಣ್ಹಾ. ಅದಿಲ್ಲದೆ ನಾನಿಲ್ಲ ಎಂದು ಅಂಟಿಕೊಂಡರೆ ಉಪಾದಾನ. ಇದನ್ನು ಪರೀಕ್ಷಿಸಲು ಕೊಳ್ಳುವ ದಿನಕ್ಕಿಂತ ಕೊಂಡ ಮೂರನೇ ವಾರ ಒಳ್ಳೆಯದು. ಮನಸ್ಸು ಆಗಲೇ ಮುಂದಿನ ವಾಚಿನ ಫೋಟೊ ಹುಡುಕುತ್ತಿದೆಯೇ? ಗಾಜಿಗೆ ಗೀರು ಬಿದ್ದರೆ ಮಗುವಿನ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತದೆಯೇ? ಹಾಗಿದ್ದರೆ ವಾಚು ನಮ್ಮ ಕೈಯಲ್ಲಿಲ್ಲ, ನಾವೇ ಅದರ ಕೈಯಲ್ಲಿದ್ದೇವೆ.

ಸಮಯ ನೋಡಲು ಕೊಂಡೆ ಎಂದೂ ಹೇಳಬೇಡಿ. ಪ್ರಮಾಣಪತ್ರ ಪಡೆದ ಸ್ವಿಸ್ ಕ್ರೊನೊಮೀಟರ್ ಕೂಡ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಹೋಗಬಹುದು. ಸಾವಿರ ರೂಪಾಯಿಯ ಕ್ವಾರ್ಟ್ಜ್ ವಾಚು ಅದಕ್ಕಿಂತ ಸರಿಯಾದ ಸಮಯ ತೋರಿಸುತ್ತದೆ. ಇಷ್ಟವಾಯಿತು, ಕೊಂಡೆ ಎಂದರೆ ಸಾಕು. ಅದು ಸತ್ಯ.

*5. ಮಾನ ಮತ್ತು ಸ್ವಾಭಿಮಾನ*

ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ಪಾಲಿಯಲ್ಲಿ ಮಾನ ಎಂದರೆ ಹೋಲಿಕೆಯ ಅಹಂಕಾರ: ನಾನು ಮೇಲು, ನಾನು ಸಮ, ನಾನು ಕೀಳು ಎಂದು ಅಳೆಯುತ್ತಲೇ ಇರುವುದು. ಜಾತಿ ಎಂದರೆ ಈ ಮಾನವೇ ಸಮಾಜವಾಗಿ ನಿಂತದ್ದು. ಮೇಲ್ಜಾತಿಯವರ ಎದುರು ಕುಗ್ಗದೆ ಕೈ ಚಾಚುವುದು ಸ್ವಾಭಿಮಾನ. ಅದೇ ಕೈಯನ್ನು ವಿಹಾರದಲ್ಲಿ, ಕೂಲಿಯಿಂದ ನೇರ ಬಂದ ಅಣ್ಣನ ಎದುರು ತೋಳು ಮಡಚಿ ತೋರಿಸಿದರೆ ಅದು ಮಾನ. ಯಾವ ಏಣಿಯ ಕೆಳಗೆ ನಮ್ಮನ್ನು ನಿಲ್ಲಿಸಿದ್ದರೋ ಅದನ್ನೇ ನಾವು ನಮ್ಮ ಕೇರಿಯೊಳಗೆ ತಂದು ನಿಲ್ಲಿಸಿದಂತೆ. ವಾಚು ಅದೇ, ಬೆಲೆಯೂ ಅದೇ. ತೊಡುವ ಮನಸ್ಸು ಬೇರೆ.

*ಇಂದಿನ ಅಭ್ಯಾಸ*

🔹 ಹುಣ್ಣಿಮೆಯ ಉಪೋಸಥದಂದು ಅಷ್ಟಶೀಲ ಪಾಲಿಸುವವರು ಅಲಂಕಾರ ಬಿಡುತ್ತಾರೆ. ಆ ದಿನ ವಾಚು ಬಿಚ್ಚಿಡಿ. ಬರಿಗೈಯನ್ನು ಎಷ್ಟು ಸಲ ನೋಡಿಕೊಳ್ಳುತ್ತೀರಿ, ಗಮನಿಸಿ.
🔹 ಹೊಸದೊಂದು ಸಂಗ್ರಹಕ್ಕೆ ಸೇರಿದರೆ ಹಳೆಯದೊಂದು ಹೊರಡಲಿ. ಮೊದಲ ಕೆಲಸಕ್ಕೆ ಸೇರಿದ ತಂಗಿಯ ಮಗಳ ಕೈಯಲ್ಲಿ ಅದು ಓಡಲಿ.
🔹 ವಾಚಿಗೆ ಹಣ ಕೂಡಿಸುವ ತಿಂಗಳುಗಳಲ್ಲಿ ಇಪ್ಪತ್ತನೇ ಪಾಲು ಮೊದಲು ತೆಗೆದಿಡಿ.

*ಭಾನುವಾರದ ಚರ್ಚೆಗೆ:* ನಮ್ಮ ಮನೆಯಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತು ನಾಲ್ಕು ಸುಖಗಳಲ್ಲಿ ಎಷ್ಟರಲ್ಲಿ ಉಳಿಯುತ್ತದೆ?

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈ ಭೀಮ್ 🙏