ಆಸ್ಕರ್‌ಗೆ ಜೊತೆ ಯಾರು?

ಬೆಟಗೇರಿಯಿಂದ ಬರೆದವರೇ, ನಿಮ್ಮ ಆಸ್ಕರ್ ಮೀನು ಗೋಲ್ಡ್‌ಫಿಶ್‌ಗಳನ್ನು ನುಂಗಿದ್ದು ಸಿಟ್ಟಿನಿಂದಲ್ಲ. ಬಾಯಲ್ಲಿ ಹಿಡಿಸುವ ಮೀನೆಲ್ಲ ಅದಕ್ಕೆ ಆಹಾರವೇ. ಮತ್ತೆ ಗೋಲ್ಡ್‌ಫಿಶ್ ತರಲೇಬೇಡಿ. ಅದಕ್ಕೆ ತಂಪು ನೀರು ಹಿತ, ಆಸ್ಕರ್‌ಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಗೋಲ್ಡ್‌ಫಿಶ್ ಮೈಯಲ್ಲಿರುವ ಥಯಾಮಿನೇಸ್ ಎಂಬ ಕಿಣ್ವದಿಂದ, ಅದನ್ನೇ ತಿನ್ನುವ ಮೀನಿಗೆ ಬಿ1 ಜೀವಸತ್ವದ ಕೊರತೆಯೂ ಆಗುತ್ತದೆ.

ಆಸ್ಕರ್ ಸುಮಾರು ಒಂದು ಅಡಿ ಬೆಳೆಯುತ್ತದೆ. ನಿಮ್ಮ 4 ಅಡಿಯ ತೊಟ್ಟಿ ಅದೊಂದಕ್ಕೇ ಸಾಕು. ಒಂಟಿಯಾಗಿದ್ದರೂ ಅದು ನೆಮ್ಮದಿಯಾಗಿರುತ್ತದೆ. ಜೊತೆ ಬೇಕೇ ಬೇಕೆಂದರೆ 6 ಅಡಿಯದು ಮಾಡಿಸಿ, ಐದಾರು ಸಿಲ್ವರ್ ಡಾಲರ್ ಮೀನು ಬಿಡಿ. ಅಂಗೈಯಷ್ಟು ಅಗಲ ಬೆಳೆದವನ್ನೇ ಆರಿಸಿ. ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ. ಹಳೆಯ ಮೀನಿನ ಗಡಿ ಅಳಿಸಿ ಕಾದಾಟ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಬೆರಳುದ್ದವಿರುವ ರೆಡ್‌ಟೇಲ್ ಕ್ಯಾಟ್‌ಫಿಶ್‌ಗೆ ಮರುಳಾಗಬೇಡಿ. ಅದು ಮೂರಡಿ ದಾಟಿ ಬೆಳೆದು ಆಸ್ಕರನ್ನೇ ನುಂಗೀತು.

ನನಗೆ ಹೆಚ್ಚು ಚಿಂತೆ ನೀರಿನದು. ದೊಡ್ಡ ಮೀನಿನ ಹೊಲಸೂ ದೊಡ್ಡದು, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಲೇಬೇಕು. ಹಮ್ಮಿಗಿಯಿಂದ ಬರುವ ತುಂಗಭದ್ರೆಯ ನೀರು ಗದಗ-ಬೆಟಗೇರಿ ಅವಳಿ ನಗರದ ನಳಕ್ಕೆ ದಿನಾ ಬರುವುದಿಲ್ಲವಲ್ಲ. ಮೀನಿಗೆಂದೇ ಒಂದು ಡ್ರಮ್ ತುಂಬಿಡಿ, ಕ್ಲೋರಿನ್ ನಿವಾರಕ ಹಾಕಿ ಬಳಸಿ. ಬೇಸಿಗೆಯಲ್ಲಿ ಅಷ್ಟು ನೀರು ಹೊಂದಿಸಲಾಗದಿದ್ದರೆ ಹೊಸ ಮೀನು ತರಬೇಡಿ.

ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿ. ನಿಮ್ಮೂರಿನ ಭೀಷ್ಮ ಕೆರೆಗೋ ಹೊಳೆಗೋ ಬಿಟ್ಟರೆ ಅಲ್ಲಿನ ಮೀನುಗಳಿಗೆ ಕುತ್ತು.